ಖರ್ವವನ್ನು ಕೋಟಿಯಿಂದ ಭಾಗಿಸುವ ಬಗೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿಯೇ ಕೀರ್ತಿಸಿ, ಸುಮಾರು ಕ್ರಿ.ಶ. 850ರ ವೇಳೆಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು, ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿರುವನು. ಒಂದೊಂದು ಹೆಸರೂ ಹತ್ತರ ಒಂದೊಂದು ಘಾತವನ್ನೇ ಸೂಚಿಸುವುದರಿಂದ, ಇಂದಿನ ವಿದ್ಯಾರ್ಥಿಯು ಘಾತಾಂಕದಿಂದ ಪಡೆಯುವ ಸೌಕರ್ಯವನ್ನು ಅಂದಿನವರಿಗೆ ಈ ಹೆಸರುಗಳೇ ಒದಗಿಸುತ್ತಿದ್ದುವೆನ್ನಬಹುದು. ಭಾಜ್ಯದ ಕೆಳಗೆ ಭಾಜಕವನ್ನಿರಿಸಿ, ಉಭಯಸಾಮಾನ್ಯವಾದ ಅಪವರ್ತನಗಳನ್ನು ಕಳೆದು ಭಾಗಿಸಬೇಕೆಂಬುದು ಆತನ ವಿಧಿ. ದೀನಾರಗಳನ್ನು ಜನರಿಗೆ ಹಂಚುವ ಲೆಕ್ಕಗಳು ಅದಕ್ಕೆ ಉದಾಹರಣೆ. ಆರು ಖರ್ವ ದೀನಾರಗಳನ್ನು ಎರಡು ಕೋಟಿ ಜನರಿಗೆ ಹಂಚಬೇಕೆನ್ನೋಣ (ಇದು ನನ್ನ ಕಲ್ಪನೆ, ಅಷ್ಟು ಹೊನ್ನು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದ ಭಂಡಾರದಲ್ಲಿಯೂ ಇದ್ದಿರಲಾರದು): ಆತನ ಖರ್ವವು 10ರ 12ನೆಯ ಘಾತ, ಕೋಟಿಯು 7ನೆಯದು, ಮೇಲೆ ಕೆಳಗೆ ಏಳೇಳು ಸೊನ್ನೆಗಳು ಅಳಿದು, ಆರನ್ನು ಎರಡರಿಂದ ಭಾಗಿಸಲಾಗಿ, ತಲೆಗೆ ಮೂರು ಲಕ್ಷ ದೊರೆಯುತ್ತದೆ.