‘ಅಪಾಯ ಇಮ್ಮಡಿ’ ಎಂಬ ಸುದ್ದಿ ಓದಿದಾಗ ಕೇಳಬೇಕಾದ ಪ್ರಶ್ನೆಗಳು

‘ಈ ಮಾತ್ರೆ ನುಂಗುವವರಿಗೆ ಹೃದಯಾಘಾತದ ಅಪಾಯ ಇಮ್ಮಡಿ!’ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇಂಥದೊಂದು ಸುದ್ದಿ ಬಂದಿರುತ್ತದೆ. ಸಂಜೆಯಾಗುವಷ್ಟರಲ್ಲಿ ಯಾರೋ ಒಬ್ಬರು ವೈದ್ಯರನ್ನೂ ಕೇಳದೆ ಮಾತ್ರೆ ನಿಲ್ಲಿಸಿರುತ್ತಾರೆ. ಸುದ್ದಿ ಸುಳ್ಳೇ ಆಗಿರಬೇಕೆಂದಿಲ್ಲ. ನಿಜವಾದ ಸುದ್ದಿಯೂ ನಮ್ಮನ್ನು ದಾರಿ ತಪ್ಪಿಸಬಲ್ಲದು. 1995ರಲ್ಲಿ ಬ್ರಿಟನ್ನಿನಲ್ಲಿ ಆದದ್ದು ಅದೇ.

ಬ್ರಿಟನ್ನಿನ ಮಾತ್ರೆ ಗಾಬರಿ

ಆ ವರ್ಷದ ಅಕ್ಟೋಬರಿನಲ್ಲಿ, ಔಷಧಗಳ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ, ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಗಳಿಗಿಂತ ಸುಮಾರು ಎರಡು ಪಟ್ಟು ಎಂದು ಅದು ಹೇಳಿತು. ಪತ್ರಿಕೆಗಳಲ್ಲೂ ಟೀವಿಯಲ್ಲೂ ‘ಇಮ್ಮಡಿ’ ಎಂಬ ಮಾತೇ ಓಡಾಡಿತು. ಗಾಬರಿಗೊಂಡ ಅನೇಕ ಹೆಂಗಸರು ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು.

ಅಸಲಿಗೆ ಅಪಾಯ ಎಷ್ಟಿತ್ತು? ಹಳೆಯ ಮಾತ್ರೆ ತೆಗೆದುಕೊಳ್ಳುವ ಸುಮಾರು 7,000 ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೆ ಈ ತೊಂದರೆ ಆಗುತ್ತಿತ್ತು. ಹೊಸ ಮಾತ್ರೆಯಲ್ಲಿ ಇಬ್ಬರಿಗೆ. ಒಂದು ಎರಡಾದರೆ ಇಮ್ಮಡಿಯೇ, ಶೇ. 100ರಷ್ಟು ಹೆಚ್ಚಳವೇ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಉಳಿದ 6,998 ಜನರ ಮಾತು ತಲೆಬರಹದಲ್ಲಿ ಇರಲಿಲ್ಲ. ಇನ್ನೊಂದು ವಿಷಯವೂ ಇರಲಿಲ್ಲ: ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಯಿಂದ ಬರುವುದಕ್ಕಿಂತ ಹೆಚ್ಚು.

ಎಷ್ಟರ ಇಮ್ಮಡಿ?

ಗಣೇಶೋತ್ಸವದ ಲಕ್ಕಿ ಡಿಪ್ ನೆನಪಿಸಿಕೊಳ್ಳಿ. 7,000 ಚೀಟಿಗಳಲ್ಲಿ ಒಂದರ ಬದಲು ಎರಡನ್ನು ಕೊಂಡರೆ ಗೆಲ್ಲುವ ಸಾಧ್ಯತೆ ಇಮ್ಮಡಿಯಾಗುತ್ತದೆ. ಹಾಗೆಂದು ಬಹುಮಾನದ ಸ್ಕೂಟರಿಗೆ ಯಾರೂ ಮುಂಚೆಯೇ ಪೆಟ್ರೋಲ್ ತಂದಿಡುವುದಿಲ್ಲ. ಆದರೆ ನೂರರಲ್ಲಿ ಹತ್ತು ಜನಕ್ಕೆ ಬರುವ ಕಾಯಿಲೆ ಇಪ್ಪತ್ತು ಜನಕ್ಕೆ ಬಂದರೆ ಅದೂ ಇಮ್ಮಡಿಯೇ, ಮತ್ತು ಅದು ನಿಜಕ್ಕೂ ದೊಡ್ಡ ಸಂಗತಿ. ಆದ್ದರಿಂದ ‘ಪಟ್ಟು’, ‘ಶೇಕಡಾ’ ಎಂದು ಕಂಡಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಇದ್ದದ್ದು ಎಷ್ಟಾಯಿತು?

ಯಾರ ಮೇಲೆ, ಎಷ್ಟು ಜನರ ಮೇಲೆ?

2015ರಲ್ಲಿ ‘ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ’ ಎಂಬ ಸುದ್ದಿ ಹಲವು ದೇಶಗಳಲ್ಲಿ ಹರಡಿತು. ಅದು ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಮತ್ತು ಅವರ ಸಂಗಡಿಗರು ಮಾಧ್ಯಮಗಳನ್ನು ಪರೀಕ್ಷಿಸಲೆಂದೇ ಜರ್ಮನಿಯಲ್ಲಿ ನಡೆಸಿದ ಅಧ್ಯಯನ. ಕೊನೆಯವರೆಗೆ ಇದ್ದವರು ಬರೀ 15 ಜನ. ಅವರಲ್ಲಿ ತೂಕ, ಕೊಲೆಸ್ಟರಾಲ್, ನಿದ್ದೆ ಎಂದು 18 ಸಂಗತಿಗಳನ್ನು ಅಳೆದಿದ್ದರು. ಇಷ್ಟು ಕಡಿಮೆ ಜನರಲ್ಲಿ ಇಷ್ಟೊಂದು ಅಳೆದರೆ, ಯಾವುದಾದರೂ ಒಂದು ಆಕಸ್ಮಿಕವಾಗಿಯೇ ‘ಫಲಿತಾಂಶ’ದಂತೆ ಕಂಡೀತು. ಸುದ್ದಿಯ ಒಳಗೆ ಎಷ್ಟು ಜನ ಎಂಬುದೇ ಇಲ್ಲದಿದ್ದರೆ ಅನುಮಾನ ಪಡಿ. ಪ್ರಯೋಗ ನಡೆದದ್ದು ಇಲಿಗಳ ಮೇಲೋ, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೋ ಆಗಿದ್ದರೆ, ಮನುಷ್ಯರಿಗೆ ಔಷಧ ಸಿಕ್ಕಿತೆಂದು ತಿಳಿಯಬೇಡಿ.

ಜೊತೆಗಿರುವುದೆಲ್ಲ ಕಾರಣವಲ್ಲ

ನಮ್ಮ ಕಾಫಿಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ, ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂದು ಶಂಕಿಸಿತ್ತು. 2016ರಲ್ಲಿ ಅದೇ ಸಂಸ್ಥೆ ಆ ಪಟ್ಟಿಯಿಂದ ಕಾಫಿಯನ್ನು ತೆಗೆಯಿತು. ಹಳೆಯ ಅಧ್ಯಯನಗಳಲ್ಲಿ ಧೂಮಪಾನದ ಪ್ರಭಾವವನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ. ಕಾಫಿಯ ಜೊತೆ ಸಿಗರೇಟು ಸೇದುವವರು ಹೆಚ್ಚಿದ್ದರೆ, ಸಿಗರೇಟಿನ ತಪ್ಪು ಕಾಫಿಯ ತಲೆಗೆ ಬರುತ್ತದೆ. ಹೊಸ ಪುರಾವೆ ಬಂದಾಗ ತೀರ್ಮಾನ ಬದಲಿಸುವುದು ವಿಜ್ಞಾನದ ದೌರ್ಬಲ್ಯವಲ್ಲ, ಅದರ ಕ್ರಮವೇ ಹಾಗೆ. ಒಂದೇ ಅಧ್ಯಯನವನ್ನು ಕೊನೆಯ ಮಾತು ಎನ್ನಬಾರದು ಎಂಬುದೂ ಇದೇ ಕಾರಣಕ್ಕೆ.

ಹಾಗಾದರೆ ಏನು ಮಾಡೋಣ?

ಎಲ್ಲ ಸುದ್ದಿಯನ್ನೂ ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಹಾಗೆ ಮಾಡಿದರೆ ನಿಜವಾದ ಎಚ್ಚರಿಕೆಯೂ ಕಸದ ಬುಟ್ಟಿ ಸೇರುತ್ತದೆ. ತಲೆಬರಹ ಓದಿ ಫಾರ್ವರ್ಡ್ ಮಾಡುವ ಮುನ್ನ ಸುದ್ದಿಯನ್ನು ಪೂರ್ತಿ ಓದೋಣ. ಮುಖ್ಯವಾಗಿ, ಬಿ.ಪಿ., ಸಕ್ಕರೆ ಕಾಯಿಲೆ, ಮೂರ್ಛೆರೋಗ ಇಂಥವುಗಳ ಮಾತ್ರೆಗಳನ್ನು ಸುದ್ದಿ ನೋಡಿ ನಿಲ್ಲಿಸುವುದು ಬೇಡ. ಭಯವಾದರೆ ಆ ಸುದ್ದಿಯನ್ನು ವೈದ್ಯರಿಗೇ ತೋರಿಸಿ ಎರಡು ಪ್ರಶ್ನೆ ಕೇಳಿ: ‘ನನ್ನಂಥವರಲ್ಲಿ ಈ ಅಪಾಯ ಎಷ್ಟು? ಮಾತ್ರೆ ಬಿಟ್ಟರೆ ಬರುವ ಅಪಾಯ ಎಷ್ಟು?’ 1995ರ ಆ ಸುದ್ದಿಗಳಲ್ಲಿ ಎರಡನೆಯ ಪ್ರಶ್ನೆಗೆ ಜಾಗವೇ ಇರಲಿಲ್ಲ.