ಕಟ್ಟಡ ನಿಯಂತ್ರಣ ಜಾಲಗಳ ರಕ್ಷಣೆ: ಒಂದು ಐತಿಹಾಸಿಕ ವಿವೇಚನೆ

1883ರಲ್ಲಿ ಅಮೆರಿಕದ ವಾರೆನ್ ಜಾನ್ಸನ್ ಕೋಣೆಯ ಉಷ್ಣತೆಯನ್ನು ನಿಯಂತ್ರಿಸುವ ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದನು. ಆ ಬಳಿಕ ಬಹುಕಾಲ ಶಾಖ, ಗಾಳಿಗಳ ನಿಯಂತ್ರಣವು ಬಹುಮಟ್ಟಿಗೆ ಕಟ್ಟಡದೊಳಗೇ ಉಳಿದಿದ್ದಿತು. ಗೋಡೆಯೇ ಅದಕ್ಕೆ ಕಾವಲು.

ಗಣಕಯಂತ್ರಗಳು ಬಂದ ಮೇಲೆ ಒಂದೊಂದು ತಯಾರಕರ ಸಾಧನಕ್ಕೂ ಒಂದೊಂದು ಭಾಷೆಯಾಯಿತು. ಈ ತೊಡಕನ್ನು ನೀಗಲು ಆಶ್ರೇ ಎಂಬ ಎಂಜಿನಿಯರುಗಳ ಸಂಘವು 1987ರಲ್ಲಿ ಕಾರ್ಯಾರಂಭ ಮಾಡಿತು. 1995ರಲ್ಲಿ ಬ್ಯಾಕ್‌ನೆಟ್ ಎಂಬ ಸಾಮಾನ್ಯ ಭಾಷೆ ಪ್ರಕಟವಾಯಿತು. ಸಾಧನಗಳ ಪರಸ್ಪರ ಸಂಭಾಷಣೆಯೇ ಅದರ ಮುಖ್ಯೋದ್ದೇಶ. ಆಜ್ಞೆಯಿತ್ತವರು ಯಾರೆಂದು ಪರೀಕ್ಷಿಸುವ ಕ್ರಮವು ನಿಯಮಾವಳಿಯಲ್ಲಿದ್ದರೂ ಬಳಕೆಗೆ ಬಂದುದು ತೀರ ವಿರಳ.

ಮುಂದೆ ಇಂತಹ ನಿಯಂತ್ರಣ ಜಾಲಗಳು ಅಂತರಜಾಲದೊಡನೆ ಕೂಡಿದುವು. 2016ರಲ್ಲಿ ಚಳಿಗಾಲದ ಹೊಸ್ತಿಲಲ್ಲಿ, ಫಿನ್ಲೆಂಡಿನ ಲಪ್ಪೇನ್‌ರಾಂಟಾ ನಗರದ ಎರಡು ವಸತಿ ಕಟ್ಟಡಗಳ ನಿಯಂತ್ರಕಗಳು ಹೊರಗಿನಿಂದ ನುಗ್ಗಿದ ಸಂದೇಶಗಳ ಪ್ರವಾಹಕ್ಕೆ ಸಿಕ್ಕಿ ಮತ್ತೆ ಮತ್ತೆ ನಿಂತು ಹೊರಡತೊಡಗಿದುವು. ನಿವಾಸಿಗಳಿಗೆ ಶಾಖ ತಪ್ಪಿತು. ಇದನ್ನು ನಾವು ಬ್ಯಾಕ್‌ನೆಟ್ಟಿನ ದೋಷವೆನ್ನಲಾರೆವು. ಮನೆಯೊಳಗಿನ ಯಂತ್ರವನ್ನು ಕಾವಲಿಲ್ಲದೆ ಬೀದಿಗೆ ತೆರೆದಿಟ್ಟುದರ ಫಲವಿದು.

ಸಂದೇಶಗಳನ್ನು ಗೂಢಲಿಪಿಯಲ್ಲಿ ಕಳುಹಿಸಿ, ಸಾಧನಗಳ ಗುರುತನ್ನು ಪ್ರಮಾಣಪತ್ರದಿಂದ ಪರೀಕ್ಷಿಸುವ ಸುರಕ್ಷಿತ ಕ್ರಮವು ಬ್ಯಾಕ್‌ನೆಟ್ಟಿಗೆ ಸೇರಿದುದು 2019ರಲ್ಲಿ, ಅಂದರೆ 24 ವರ್ಷಗಳ ಮೇಲೆ. ಆದರೆ ನಿಯಮವನ್ನು ತಿದ್ದಿದೊಡನೆ ಗೋಡೆಯಲ್ಲಿ ಹುದುಗಿರುವ ಹಳೆಯ ಸಾಧನಗಳು ಬದಲಾಗುವುದಿಲ್ಲ. ಗೋಡೆಯನ್ನು ನಂಬಿದ ಕಾಲದ ವಿಶ್ವಾಸವು ಗೋಡೆ ಕರಗಿದ ಮೇಲೂ ಉಳಿದುದೇ ಈ ಇತಿಹಾಸದ ಸಾರವೆಂದು ನಾವು ಭಾವಿಸುತ್ತೇವೆ.