ಫಾಕ್ಸ್ ನದಿಯ ದಂಡೆಯಿಂದ ಹೊರಟ ದಂಡು

ಶಿಕಾಗೋ ಸುತ್ತಿನ ಕನ್ನಡಿಗರಾದ ನಮಗೆ ನೇಪರ್‌ವಿಲ್, ಅರೋರಾ, ವೀಟನ್, ಸೇಂಟ್ ಚಾರ್ಲ್ಸ್ ಎಂದರೆ ಮನೆ, ಮಕ್ಕಳ ಶಾಲೆ, ರಾಜ್ಯೋತ್ಸವದ ನಾಟಕದ ತಾಲೀಮು. ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗುವಾಗ ಫಾಕ್ಸ್ ನದಿಯನ್ನು ಎಷ್ಟು ಸಲ ದಾಟಿದ್ದೇವೋ ಲೆಕ್ಕವಿಲ್ಲ. ಅದೇ ನದಿಯ ದಂಡೆಯಲ್ಲಿ, ಸೇಂಟ್ ಚಾರ್ಲ್ಸ್ ಊರಿನ ಕ್ಯಾಂಪ್ ಕೇನ್ ಎಂಬ ಬಿಡಾರದಲ್ಲಿ, 1861ರ ಸೆಪ್ಟೆಂಬರಿನಲ್ಲಿ, ದಕ್ಷಿಣದ ರಾಜ್ಯಗಳೊಂದಿಗಿನ ಅಮೆರಿಕದ ಅಂತರ್ಯುದ್ಧಕ್ಕೆ ಒಂದು ಕುದುರೆದಂಡು ಸಜ್ಜಾಯಿತು. ಅದೇ ಇಲಿನಾಯ್ 8ನೇ ಅಶ್ವದಳ. ನಾವು ನೆಲೆಸಿರುವ ಊರುಗಳ ಮಕ್ಕಳು ಅದರಲ್ಲಿದ್ದರು. ನಮ್ಮ ಸ್ಮರಣ ಸಂಚಿಕೆಯಲ್ಲಿ ಅವರಿಗೂ ಎರಡು ಪುಟ ಸಲ್ಲಬೇಕು.

ದಂಡು ಕಟ್ಟಿದವರು ಜಾನ್ ಫಾರ್ನ್ಸ್‌ವರ್ತ್. ವಕೀಲರು, ಅಮೆರಿಕದ ಸಂಸತ್ತಿನಲ್ಲಿ ಕುಳಿತು ಬಂದವರು, ಗುಲಾಮಗಿರಿಯ ಕಡು ವಿರೋಧಿ. ದಂಡಿಗೆ ಸೇರಿದವರಲ್ಲಿ ಅನೇಕರದೂ ಅದೇ ನಿಲುವು. ಅಧ್ಯಕ್ಷ ಲಿಂಕನ್ ಇದನ್ನು ಫಾರ್ನ್ಸ್‌ವರ್ತ್ ಅವರ ದೊಡ್ಡ ಗುಲಾಮಗಿರಿ ವಿರೋಧಿ ರೆಜಿಮೆಂಟು ಎಂದು ಕರೆದರೆಂಬುದು ದಂಡಿನವರು ಹೆಮ್ಮೆಯಿಂದ ಹೇಳಿಕೊಂಡು ಬಂದ ಮಾತು. ಸೆಪ್ಟೆಂಬರ್ 18ರಂದು ಸೇನೆಗೆ ಸೇರ್ಪಡೆಯಾದ ದಂಡು ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿಗೆ ಹೊರಟಿತು.

ಮೊದಲ ಶತ್ರು ಎದುರಾದದ್ದು ರಣರಂಗದಲ್ಲಲ್ಲ. ಆ ಚಳಿಗಾಲ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಬಿಡಾರ ಹೂಡಿದ್ದಾಗ ಟೈಫಾಯ್ಡ್‌ನಂಥ ಜ್ವರಗಳು ಹರಡಿದವು. ಹೊಲಗದ್ದೆಗಳ ಒಂಟಿ ಮನೆಗಳಲ್ಲಿ ಬೆಳೆದ ಹುಡುಗರು ಒಮ್ಮೆಲೇ ಸಾವಿರ ಜನರ ನಡುವೆ, ಕೆಸರಿನಲ್ಲಿ, ಕೆಟ್ಟ ನೀರು ಕುಡಿದು ಮಲಗಿದರು. ದಂಡಿನ ವೈದ್ಯ ಆಬ್ನರ್ ಹಾರ್ಡ್ ಇದನ್ನೆಲ್ಲ ಕಣ್ಣಾರೆ ಕಂಡವರು. 1868ರಲ್ಲಿ ದಂಡಿನ ಚರಿತ್ರೆಯನ್ನು ಗ್ರಂಥವಾಗಿ ಪ್ರಕಟಿಸಿದವರೂ ಅವರೇ.

1862ರಲ್ಲಿ ವರ್ಜೀನಿಯಾದ ಪರ್ಯಾಯ ದ್ವೀಪದ ದಂಡಯಾತ್ರೆ, ಆಮೇಲೆ ಆಂಟೀಟಮ್, ಫ್ರೆಡರಿಕ್ಸ್‌ಬರ್ಗ್, 1863ರ ಜೂನ್ 9ರಂದು ಬ್ರ್ಯಾಂಡಿ ಸ್ಟೇಷನ್ನಿನಲ್ಲಿ ನಡೆದ ಅಶ್ವದಳಗಳ ಮಹಾಕಾಳಗ, ಹೀಗೆ ದಂಡು ಪಳಗುತ್ತ ಹೋಯಿತು. ಫಾರ್ನ್ಸ್‌ವರ್ತ್ ಬ್ರಿಗೇಡಿಯರ್ ಜನರಲ್ ಆಗಿ, 1863ರಲ್ಲಿ ಸೇನೆ ಬಿಟ್ಟು ಮತ್ತೆ ಸಂಸತ್ತಿಗೆ ಮರಳಿದರು. ಐರ್ಲೆಂಡಿನಲ್ಲಿ ಹುಟ್ಟಿದ ವಿಲಿಯಂ ಗ್ಯಾಂಬಲ್, ಹಲವು ದಂಡು ಸೇರಿದ ಬ್ರಿಗೇಡಿನ ಹೊಣೆ ಹೊತ್ತರು. ದಂಡಿನ ಮುಂದಾಳತ್ವ ಮೇಜರ್ ಜಾನ್ ಬೆವರಿಜ್ ಅವರ ಪಾಲಿಗೆ ಬಂತು. ಈ ಬೆವರಿಜ್ ಮುಂದೆ 1873ರಿಂದ 1877ರವರೆಗೆ ಇಲಿನಾಯ್ ರಾಜ್ಯಪಾಲರಾಗಿದ್ದರು.

ದಂಡಿನ ಹೆಸರು ಎಲ್ಲ ಕಡೆ ಹಬ್ಬಿದ್ದು 1863ರ ಜುಲೈ 1ರ ಬೆಳಗಿನಿಂದ. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿನ ಪಶ್ಚಿಮಕ್ಕೆ, ಚೇಂಬರ್ಸ್‌ಬರ್ಗ್ ರಸ್ತೆಯಲ್ಲಿ ಈ ದಂಡಿನವರು ಕಾವಲಿದ್ದರು. ಏಳೂವರೆಯ ಹೊತ್ತಿಗೆ ಮಾರ್ಷ್ ಹಳ್ಳದ ಕಡೆ ದೂಳೆದ್ದಿತು. ಡುಪೇಜ್ ಕೌಂಟಿಯ ಲೆಫ್ಟಿನೆಂಟ್ ಮಾರ್ಸೆಲಸ್ ಜೋನ್ಸ್, ಪಕ್ಕದಲ್ಲಿದ್ದ ಸಾರ್ಜೆಂಟ್ ಲೀವೈ ಶೇಫರ್ ಅವರ ಕಾರ್ಬೈನ್ ಎಂಬ ಗಿಡ್ಡ ಬಂದೂಕನ್ನು ಕೇಳಿ ಪಡೆದು, ಬೇಲಿಯ ಮೇಲೆ ಊರಿ, ದೂರದಲ್ಲಿ ಕುದುರೆಯ ಮೇಲಿದ್ದ ಅಧಿಕಾರಿಯತ್ತ ಗುಂಡು ಹಾರಿಸಿದರು. ಮೂರು ದಿನಗಳ ಆ ಮಹಾಯುದ್ಧದ ಮೊದಲ ಗುಂಡು ಇದೆಂಬುದು ದಂಡಿನ ಹೆಮ್ಮೆ. ನ್ಯೂಯಾರ್ಕಿನ 9ನೇ ಅಶ್ವದಳದವರು ಇದನ್ನು ಒಪ್ಪಲಿಲ್ಲ, ಮೊದಲ ಗುಂಡು ತಮ್ಮದೆಂದೇ ಸಾಧಿಸಿದರು. 1886ರಲ್ಲಿ ಜೋನ್ಸ್ ಮತ್ತು ಸಂಗಡಿಗರು ನೇಪರ್‌ವಿಲ್ಲಿನ ಗಣಿಯ ಕಲ್ಲನ್ನೇ ಅಲ್ಲಿಗೆ ಸಾಗಿಸಿ, ಗುಂಡು ಹಾರಿದ ಜಾಗದಲ್ಲಿ ನೆಟ್ಟರು. ಕಲ್ಲು ಇಂದಿಗೂ ಅಲ್ಲೇ ಇದೆ.

ಗುಂಡಿಗಿಂತ ದೊಡ್ಡದು ಅದರ ನಂತರದ ಎರಡು-ಮೂರು ತಾಸು. ಅಲ್ಲಿ ಸವಾರರ ಮುಖ್ಯಸ್ಥರಾಗಿದ್ದ ಜನರಲ್ ಜಾನ್ ಬ್ಯೂಫರ್ಡ್ ಕೈಕೆಳಗಿದ್ದದ್ದು ಎರಡೇ ಅಶ್ವ ಬ್ರಿಗೇಡು. ಎದುರಿಗೆ ಕಾಲಾಳುಗಳ ಸಾಲುಸಾಲು. ಅಂದಿನ ಸವಾರರು ಕತ್ತಿ ಝಳಪಿಸುತ್ತ ನುಗ್ಗುವುದಕ್ಕಿಂತ ಕುದುರೆ ಇಳಿದು ಕಾದಿದ್ದೇ ಹೆಚ್ಚು. ಇಳಿದಾಗ ನಾಲ್ವರಲ್ಲಿ ಒಬ್ಬ ಎಲ್ಲರ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು; ನೂರು ಜನರ ಲೆಕ್ಕವಿದ್ದರೂ ಬಂದೂಕು ಹಿಡಿಯುವವರು ಎಪ್ಪತ್ತೈದೇ. ಅವರಿಗಿದ್ದ ಅನುಕೂಲ ಒಂದೇ: ಕಾರ್ಬೈನಿಗೆ ಹಿಂದಿನಿಂದ ಮದ್ದು ತುಂಬಬಹುದಿತ್ತು. ಕಾಲಾಳು ಕೋವಿಯ ಬಾಯಿಗೆ ಮದ್ದು ಗಿಡಿಯುವಷ್ಟರಲ್ಲಿ ಇವರು ಮಲಗಿದಲ್ಲಿಂದಲೇ ಹಲವು ಸಲ ಹೊಡೆಯುತ್ತಿದ್ದರು. ಹೀಗೆ ದಿಬ್ಬದಿಂದ ದಿಬ್ಬಕ್ಕೆ ಹಿಂದೆ ಸರಿಯುತ್ತ, ಹತ್ತು ಗಂಟೆಯ ಹೊತ್ತಿಗೆ ಜನರಲ್ ರೆನಾಲ್ಡ್ಸ್ ಅವರ ಕಾಲಾಳು ಪಡೆ ಬರುವವರೆಗೆ ತಡೆದರು. ಆ ದಿನ ದಂಡು ಕಳೆದುಕೊಂಡದ್ದು ಒಬ್ಬನನ್ನು. ಎರಡು ದಿನದ ಮೇಲೆ, ಜುಲೈ 3ರಂದು, ಇದೇ ದಂಡಿನಲ್ಲಿ ಕ್ಯಾಪ್ಟನ್ ಆಗಿದ್ದು ನಾಲ್ಕೇ ದಿನ ಹಿಂದೆ ಬ್ರಿಗೇಡಿಯರ್ ಜನರಲ್ ಪದವಿಗೇರಿದ್ದ ಎಲಾನ್ ಫಾರ್ನ್ಸ್‌ವರ್ತ್, ಜಾನ್ ಅವರ ಸೋದರನ ಮಗ, ಗೆಲ್ಲುವ ಆಸೆಯೇ ಇಲ್ಲದ ದಾಳಿಯೊಂದರಲ್ಲಿ ಮಡಿದರು.

ಮುಂದಿನ ಎರಡು ವರ್ಷ ಸದ್ದಿಲ್ಲದ ದುಡಿಮೆ. ಉತ್ತರ ವರ್ಜೀನಿಯಾದಲ್ಲಿ ದಕ್ಷಿಣದ ಸೇನಾನಿ ಮಾಸ್ಬಿಯ ಗೆರಿಲ್ಲಾಗಳ ಬೆನ್ನುಹತ್ತುವುದು, ರಾಜಧಾನಿಯ ಸುತ್ತ ಕಾವಲು. 1864ರ ಜುಲೈ 9ರಂದು ಮನಾಕಸಿ ನದಿಯ ಬಳಿ ಜನರಲ್ ಲ್ಯೂ ವಾಲೇಸ್ ಸೋತರೂ ವಾಷಿಂಗ್ಟನ್ನಿನತ್ತ ಬರುತ್ತಿದ್ದ ಶತ್ರುವನ್ನು ಒಂದು ದಿನ ತಡೆದರಲ್ಲ, ಅಲ್ಲಿ ತಮ್ಮ ಅಧಿಕಾರಿ ಡೇವಿಡ್ ಕ್ಲೆಂಡೆನಿನ್ ಅವರೊಂದಿಗೆ ಈ ದಂಡಿನವರಿದ್ದರು. ಲಿಂಕನ್ ಹತ್ಯೆಯಾದ ಮೇಲೆ ಹಂತಕನನ್ನು ಹುಡುಕಿದ ತುಕಡಿಗಳಲ್ಲಿ ಇವರೂ ಇದ್ದರು. ಸಂಚುಗಾರರ ವಿಚಾರಣೆ ನಡೆಸಿದ ಸೇನಾ ಮಂಡಳಿಯಲ್ಲಿ ಕ್ಲೆಂಡೆನಿನ್ ಒಬ್ಬ ಸದಸ್ಯರು. 1865ರ ಜುಲೈ 17ರಂದು ಸೇಂಟ್ ಲೂಯಿಸ್‌ನಲ್ಲಿ ದಂಡನ್ನು ವಿಸರ್ಜಿಸಲಾಯಿತು.

ಕೊನೆಯ ಲೆಕ್ಕ ಹೀಗಿದೆ. ಕಾಳಗದಲ್ಲಿ ಸತ್ತವರು, ಗಾಯದಿಂದ ಸತ್ತವರು ಸೇರಿ 75. ರೋಗದಿಂದ ಸತ್ತವರು 175. ಒಂದು ಗುಂಡಿನ ನೆನಪಿಗೆ ಕಲ್ಲು ನಿಂತಿತು. ಜ್ವರದ ಹಾಸಿಗೆಯಲ್ಲಿ ಹೋದವರಿಗೆ, ಲಗಾಮು ಹಿಡಿದು ನಿಂತ ನಾಲ್ಕನೆಯವನಿಗೆ ಅಂಥ ಕಲ್ಲು ಯಾರೂ ನೆಡಲಿಲ್ಲ. ನನ್ನ ಮಟ್ಟಿಗೆ ದಂಡಿನ ಗೌರವ ಅವರದೇ.

ಇದಕ್ಕೂ ನಮಗೂ ನಂಟಿಲ್ಲ ಎನ್ನುವವರು ಒಂದು ಮಾತು ಗಮನಿಸಬೇಕು. ಈ ನೆಲದಲ್ಲಿ ಹುಟ್ಟಿದವರು ಈ ದೇಶದ ಪ್ರಜೆಗಳು ಎಂದು ಸಾರಿದ ಸಂವಿಧಾನದ 14ನೇ ತಿದ್ದುಪಡಿ ಆ ಯುದ್ಧದ ಫಲ. 1866ರಲ್ಲಿ ಸಂಸತ್ತು ಅದನ್ನು ಅಂಗೀಕರಿಸಿದಾಗ ಜಾನ್ ಫಾರ್ನ್ಸ್‌ವರ್ತ್ ಸದನದ ಸದಸ್ಯರು. 1868ರಲ್ಲಿ ಅದು ಜಾರಿಗೆ ಬಂತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಪಾಸ್‌ಪೋರ್ಟು ಪಡೆಯುವುದು ಆ ತಿದ್ದುಪಡಿಯ ಬಲದಿಂದಲೇ. ಕ್ಯಾಂಪ್ ಕೇನ್ ಇದ್ದ ಜಾಗ ಇಂದು ಸೇಂಟ್ ಚಾರ್ಲ್ಸ್‌ನ ಲ್ಯಾಂಗಮ್ ಪಾರ್ಕು. ಕೂಟದ ಮುಂದಿನ ಪಿಕ್ನಿಕ್ಕನ್ನು ಅಲ್ಲೇ ಇಟ್ಟುಕೊಳ್ಳೋಣ, ಮಕ್ಕಳಿಗೆ ಈ ದಂಡಿನ ಕಥೆಯನ್ನು ಕನ್ನಡದಲ್ಲೇ ಹೇಳೋಣ.